ಎಚ್-1ಬಿಯಲ್ಲಿ ಇದ್ಕೊಂಡು ಕೆನಡಾ ವಿಸಿಟರ್ ವೀಸಾ ಮಾಡಿಸಿದ ಅನುಭವ, ಅಪ್ಪ ಅಮ್ಮಂದೂ ಸೇರಿಸಿ

ನಾವಿರೋದು ನ್ಯೂಜೆರ್ಸಿಲಿ. ನಯಾಗರಾಗೆ ಎರಡು ಸಲ ಹೋಗಿ ಬಂದಿದ್ವಿ, ಎರಡೂ ಸಲ ಅಮೆರಿಕ ಕಡೆಯಿಂದಾನೇ. ಆ ಕಡೆ ನಿಂತ್ರೆ ನೀರಿನ ಪಕ್ಕದಲ್ಲೇ ನಿಂತಿರ್ತೀವಿ, ಸದ್ದು ಕೇಳತ್ತೆ, ಮೈಯೆಲ್ಲ ಒದ್ದೆ ಆಗತ್ತೆ, ಆದ್ರೆ ಫಾಲ್ಸ್‌ನ ಮುಖ ಅಂತ ಏನಿದೆ ಅದು ಸರಿಯಾಗಿ ಕಾಣಲ್ಲ, ಅದು ಕಾಣೋದು ಎದುರು ದಡದಿಂದ, ಆ ದಡ ಕೆನಡಾದ್ದು. ಈ ಸಲ ಅಪ್ಪ ಅಮ್ಮ ಆರು ತಿಂಗಳಿಗೆ ಅಂತ ಬಂದಿದ್ರು, ಅವರನ್ನ ಕರ್ಕೊಂಡು ಹೋದ್ರೆ ಆ ಕಡೆಯಿಂದಾನೇ ತೋರಿಸಬೇಕು ಅಂತ ಹಠ ಹಿಡಿದು ನಾಲ್ಕು ಜನಕ್ಕೂ ವೀಸಾ ಮಾಡಿಸ್ದೆ. ಅದರ ರಿವ್ಯೂ ಇದು. ಸ್ವಲ್ಪ ಉದ್ದ ಇದೆ, ಆದ್ರೆ ನಂಗೆ ಇದನ್ನ ಕನ್ನಡದಲ್ಲಿ ಯಾರೂ ಒಂದೇ ಕಡೆ ಕೂರಿಸಿ ಹೇಳಿರಲಿಲ್ಲ, ಅದಕ್ಕೆ ಬರೀತಿದೀನಿ.

ಮೊದಲು ನಮ್ಮ ಪರಿಸ್ಥಿತಿ ಹೇಳ್ಬಿಡ್ತೀನಿ ಯಾಕಂದ್ರೆ ಎಲ್ಲ ಅದರ ಮೇಲೇ ನಿಂತಿರೋದು. ನಾನು ಎಚ್-1ಬಿ, ಅಂದ್ರೆ ಕೆಲಸದ ವೀಸಾ, ಎಕ್ಸ್‌ಟೆನ್ಶನ್ ಆಗಿದೆ, ಅದು ಮಂಜೂರಾದ ಹೊಸ ಪತ್ರ ಐ-797 ಕೈಲಿದೆ, ಆದ್ರೆ ಪಾಸ್‌ಪೋರ್ಟ್‌ನಲ್ಲಿರೋ ಅಮೆರಿಕ ವೀಸಾ ಸ್ಟಾಂಪ್ ಮುಗಿದು ಒಂದೂವರೆ ವರ್ಷ ಆಗಿತ್ತು. ನಮ್ಮನೆಯವರು ಎಚ್-4, ಅಂದ್ರೆ ಎಚ್-1ಬಿ ಇರೋರ ಮನೆಯವರಿಗೆ ಕೊಡೋ ವೀಸಾ, ಅವರದ್ದೂ ಅದೇ ಕಥೆ. ಅಪ್ಪ ಅಮ್ಮ ಬಿ-2, ಅಂದ್ರೆ ವಿಸಿಟರ್ ವೀಸಾ. ನಮ್ಮ ಗುಂಪಲ್ಲಿ ಗ್ರೀನ್ ಕಾರ್ಡ್ ಇರೋರು ಯಾರೂ ಇಲ್ಲ. ಇದ್ದಿದ್ರೆ ಇಷ್ಟೆಲ್ಲ ಬೇಕೇ ಇರಲಿಲ್ಲ, ಗ್ರೀನ್ ಕಾರ್ಡ್ ಇದ್ದವರು ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಇಟ್ಕೊಂಡು ಸೀದಾ ಹೋಗಬಹುದು, 2022ರ ಏಪ್ರಿಲ್‌ನಿಂದ ಅವರಿಗೆ ಇಟಿಎ ಅನ್ನೋ ಆನ್‌ಲೈನ್ ಅನುಮತಿ ಕೂಡ ಬೇಡ. ನಮ್ಮಂಥ ಎಚ್-1ಬಿ, ಎಚ್-4 ಜನಕ್ಕೆ, ಅಮೆರಿಕ ನೋಡೋಕೆ ಬಂದಿರೋ ಇಂಡಿಯನ್ ಪಾಸ್‌ಪೋರ್ಟ್‌ನವರಿಗೆ, ಕೆನಡಾ ವಿಸಿಟರ್ ವೀಸಾ ಬೇಕೇ ಬೇಕು. ಅಮೆರಿಕ ವೀಸಾ ಇದೆಯಲ್ಲ ಸಾಕು ಬಿಡು ಅಂತ ಹೇಳೋರು ಮೆಕ್ಸಿಕೋ ನಿಯಮ ತಂದು ಇಲ್ಲಿ ಅಂಟಿಸ್ತಿರ್ತಾರೆ. ಹಾಗಿರೋದು ಮೆಕ್ಸಿಕೋಗೆ, ಕೆನಡಾಗಲ್ಲ, ಅದೂ ಅಮೆರಿಕ ವೀಸಾ ಚಾಲ್ತಿಲಿ ಇರಬೇಕು, ನನ್ನ ಥರ ಸ್ಟಾಂಪ್ ಮುಗಿದಿದ್ರೆ ಅದೂ ಆಗಲ್ಲ.

ಈಗ ಏಜೆಂಟ್ ವಿಷಯ. ಹೆಸರು ಬರೆಯಲ್ಲ, ಯಾರೋ ಪರಿಚಯದವರ ಮೂಲಕ ಸಿಕ್ಕಿದ್ದು, ವೀಸಾ ಹೆಲ್ಪ್ ಮಾಡ್ತೀನಿ ಅಂತ ಒಬ್ಬೊಬ್ಬರಿಗೆ 150 ಡಾಲರ್ ಕೇಳಿದ್ರು, ಕೆಲಸದ ಒತ್ತಡ ಇತ್ತು, ಹೋಗ್ಲಿ ಅಂತ ಇಬ್ಬರದ್ದು ಕೊಟ್ಟೆ. ನಾಲ್ಕು ದಿನ ಬಿಟ್ಟು ಫಾರ್ಮ್ ತುಂಬಿ ಕಳಿಸಿದ್ರು, ಸೈನ್ ಮಾಡಿ ಅಂದ್ರು. ನಂಗೆ ಯಾವ ಕಾಗದ ಆದ್ರೂ ಪೂರ್ತಿ ಓದದೇ ಸೈನ್ ಮಾಡೋ ಅಭ್ಯಾಸ ಇಲ್ಲ. ಓದ್ತಾ ಹೋದ್ರೆ ನಮ್ಮನೆಯವರ ಫಾರ್ಮ್‌ನಲ್ಲಿ ಒಂದು ಪ್ರಶ್ನೆ, ಕೆನಡಾ ಅಥವಾ ಬೇರೆ ಯಾವುದೇ ದೇಶ ನಿಮಗೆ ಯಾವಾಗಾದ್ರೂ ವೀಸಾ ನಿರಾಕರಿಸಿದೆಯಾ ಅಂತ, ಅದಕ್ಕೆ ನೋ ಅಂತ ಹಾಕಿದಾರೆ. ನಮ್ಮನೆಯವರಿಗೆ ಮದುವೆಗೆ ಮುಂಚೆ 2014ರಲ್ಲಿ ಅಮೆರಿಕ ವಿಸಿಟರ್ ವೀಸಾ ರಿಜೆಕ್ಟ್ ಆಗಿತ್ತು, 214(ಬಿ) ಅಂತ, ಊರಿಗೆ ವಾಪಸ್ ಹೋಗ್ತೀರ ಅಂತ ನಂಬಿಕೆ ಬರಲಿಲ್ಲ ಅನ್ನೋ ಅರ್ಥದ್ದು, ಎಲ್ಲರಿಗೂ ಕೊಡ್ತಾರಲ್ಲ ಆ ಚೀಟಿ. ಅದನ್ನ ನಾನೇ ಏಜೆಂಟ್‌ಗೆ ಮೊದಲ ದಿನವೇ ಹೇಳಿದ್ದೆ. ಫೋನ್ ಮಾಡಿ ಕೇಳಿದ್ರೆ, ಅಯ್ಯೋ ಮೇಡಂ ಅದು ಹಳೇದು, ಅದೂ ಬೇರೆ ದೇಶದ್ದು, ಯೆಸ್ ಹಾಕಿದ್ರೆ ಸುಮ್ನೆ ತಲೆನೋವು, ನೋ ಹಾಕಿದ್ರಾಯ್ತು, ಯಾರೂ ನೋಡಲ್ಲ ಅಂದ್ರು.

ಆ ಮಾತು ಕೇಳಿ ನಂಗೆ ನಿಜವಾಗ್ಲೂ ಭಯ ಆಯ್ತು. ಆ ಪ್ರಶ್ನೆಯಲ್ಲಿ ಬೇರೆ ಯಾವುದೇ ದೇಶ ಅಂತ ಸ್ಪಷ್ಟವಾಗಿ ಇದೆ, ಮತ್ತೆ ಅಮೆರಿಕ, ಕೆನಡಾ ಎರಡೂ ತಮ್ಮ ವೀಸಾ ಮಾಹಿತಿ ಹಂಚ್ಕೊಳ್ಳೋ ದೇಶಗಳು. ಸುಳ್ಳು ಹೇಳಿದ್ದು ಸಿಕ್ಕಿಬಿದ್ರೆ ಅದನ್ನ ಮಿಸ್‌ರೆಪ್ರೆಸೆಂಟೇಶನ್ ಅಂತಾರೆ, ಕೆನಡಾ ಇಮಿಗ್ರೇಶನ್ ಕಾನೂನಿನ 40ನೇ ಸೆಕ್ಷನ್, ಐದು ವರ್ಷ ಆ ದೇಶಕ್ಕೆ ಕಾಲಿಡೋ ಹಾಗಿಲ್ಲ. ಹಳೇ ರಿಜೆಕ್ಷನ್ ಒಪ್ಕೊಂಡ್ರೆ ಏನೂ ಆಗದೇ ಇರಬಹುದು, ಮುಚ್ಚಿಟ್ರೆ ಐದು ವರ್ಷದ ಬ್ಯಾನ್, ಮುಂದೆ ಯಾವ ದೇಶದ ಫಾರ್ಮ್ ತುಂಬಿದ್ರೂ ಅದನ್ನ ಹೇಳ್ಕೊಂಡೇ ಓಡಾಡಬೇಕು. ಸೈನ್ ನಮ್ಮದು, ಏಜೆಂಟ್‌ದು ಅಲ್ಲ, ಆ ವ್ಯಕ್ತಿ ತನ್ನ ಹೆಸರು ಫಾರ್ಮ್‌ನಲ್ಲಿ ಎಲ್ಲೂ ಹಾಕಿರಲೇ ಇಲ್ಲ. ದುಡ್ಡು ತಗೊಂಡು ಕೆನಡಾ ಅರ್ಜಿ ಹಾಕಿಕೊಡೋರು ಒಂದೋ ವಕೀಲರಾಗಿರಬೇಕು ಇಲ್ಲಾಂದ್ರೆ ಲೈಸೆನ್ಸ್ ಇರೋ ಕನ್ಸಲ್ಟೆಂಟ್ ಆಗಿರಬೇಕು, ಮತ್ತೆ ಐಎಂಎಂ 5476 ಅಂತ ಒಂದು ಫಾರ್ಮ್‌ನಲ್ಲಿ ನಾನೇ ಇವರ ಪ್ರತಿನಿಧಿ ಅಂತ ತೋರಿಸ್ಕೋಬೇಕು. ನಮ್ಮ ಏಜೆಂಟ್ ಹತ್ರ ಎರಡೂ ಇರಲಿಲ್ಲ. 300 ಡಾಲರ್ ವಾಪಸ್ ಕೇಳಿದೆ, ಇವತ್ತಿನವರೆಗೂ ಬಂದಿಲ್ಲ. ಸೊನ್ನೆ ಸ್ಟಾರ್. ಯಾರಾದ್ರೂ ನಿಮಗೆ ನೋ ಹಾಕಿ ಸಾಕು ಅಂದ್ರೆ ದಯವಿಟ್ಟು ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಒಂದು ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಲ್ಯಾಪ್‌ಟಾಪ್ ಮುಂದೆ ಕೂತೆ, ಎಲ್ಲ ನಾನೇ ಮಾಡ್ದೆ. ಭಾನುವಾರ ಸಂಜೆ ಹೊತ್ತಿಗೆ ನಾಲ್ಕೂ ಅರ್ಜಿ ಸಬ್ಮಿಟ್ ಆಗಿತ್ತು. ಅಂದ್ರೆ ಇದು ಯಾರಿಗೂ ಆಗದೇ ಇರೋ ಕೆಲಸ ಅಲ್ಲ, ತಾಳ್ಮೆ ಬೇಕು ಅಷ್ಟೆ.

ಕೆಲವು ಕಡೆ ಕೈ ತಡೆಯತ್ತೆ, ಅದನ್ನ ಹೇಳ್ತೀನಿ. ನಾನು ಹಾಕಿದಾಗ ಮುಖ್ಯ ಅರ್ಜಿ ಐಎಂಎಂ 5257 ಪಿಡಿಎಫ್ ಆಗಿತ್ತು, ಅದನ್ನ ಬ್ರೌಸರ್‌ನಲ್ಲಿ ಕ್ಲಿಕ್ ಮಾಡಿದ್ರೆ ಪ್ಲೀಸ್ ವೇಟ್ ಅಂತ ಒಂದು ಪುಟ ಬಂದು ನಿಂತ್ಬಿಡತ್ತೆ. ಎಷ್ಟು ಹೊತ್ತು ಕಾದ್ರೂ ಅಷ್ಟೇ. ಫೈಲ್ ಡೌನ್‌ಲೋಡ್ ಮಾಡಿ ಅಡೋಬಿ ರೀಡರ್‌ನಲ್ಲೇ ತೆರೀಬೇಕು, ಮೊಬೈಲ್‌ನಲ್ಲಿ ಆಗಲ್ಲ. ತುಂಬಿದ ಮೇಲೆ ವ್ಯಾಲಿಡೇಟ್ ಅಂತ ಬಟನ್ ಒತ್ತಿದ್ರೆ ಬಿಟ್ಟು ಹೋಗಿರೋ ಕಡೆ ಎಲ್ಲ ತೋರಿಸತ್ತೆ, ಎಲ್ಲ ಸರಿ ಇದ್ರೆ ಕೊನೇಲಿ ಬಾರ್‌ಕೋಡ್ ಪುಟ ಬರತ್ತೆ, ಆ ಬಾರ್‌ಕೋಡ್ ಬಂದ್ರೆ ಮಾತ್ರ ಮುಗೀತು ಅಂತ ಅರ್ಥ. ಒಂದೊಂದು ಜಾಗಕ್ಕೆ ಒಂದೇ ಫೈಲ್ ಹಾಕೋಕಾಗೋದು, ಅದೂ 4 ಎಂಬಿ ಒಳಗೆ, ಹಾಗಾಗಿ ಪೇ ಸ್ಟಬ್, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸ್ ಲೆಟರ್ ಎಲ್ಲ ಮೊದಲೇ ಒಂದೇ ಪಿಡಿಎಫ್ ಮಾಡ್ಕೊಂಡು ಸೈಜ್ ಇಳಿಸಿ ಇಟ್ಕೊಳ್ಳಿ.

ಹೆಸರಿನ ವಿಷಯ ನಮ್ಮ ಕಡೆಯವರಿಗೆ ತುಂಬಾ ಮುಖ್ಯ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ, ಗಿವನ್ ನೇಮ್‌ನಲ್ಲಿ ಒಂದೇ ಹೆಸರು. ಅಮೆರಿಕದವರು ಅದಕ್ಕೆ ವೀಸಾದಲ್ಲಿ ಮೊದಲ ಹೆಸರು ಗೊತ್ತಿಲ್ಲ ಅನ್ನೋ ಅರ್ಥದಲ್ಲಿ ಎಫ್‌ಎನ್‌ಯು ಅಂತ ಹಾಕಿ ಅಮ್ಮನ ಹೆಸರನ್ನ ಸರ್‌ನೇಮ್ ಜಾಗಕ್ಕೆ ತಳ್ಳಿದಾರೆ. ಅದನ್ನ ನೋಡ್ಕೊಂಡು ಕೆನಡಾ ಫಾರ್ಮ್‌ನಲ್ಲೂ ಎಫ್‌ಎನ್‌ಯು ಅಂತ ತುಂಬೋಕೆ ಹೋಗಬೇಡಿ. ಒಂದೇ ಹೆಸರಿದ್ರೆ ಅದನ್ನ ಫ್ಯಾಮಿಲಿ ನೇಮ್ ಜಾಗದಲ್ಲಿ ಬರೆದು ಗಿವನ್ ನೇಮ್ ಖಾಲಿ ಬಿಡಿ ಅಂತ ಕೆನಡಾದವರ ಗೈಡ್‌ನಲ್ಲೇ ಇದೆ. ಅಪ್ಪನ ಹೆಸರು, ಗಂಡನ ಹೆಸರು ಅಂತ ನಾವಾಗೇ ಏನೂ ಸೇರಿಸೋ ಹಾಗಿಲ್ಲ, ಪಾಸ್‌ಪೋರ್ಟ್‌ನಲ್ಲಿ ಇದ್ದಿದ್ದು ಮಾತ್ರ.

ಫೋಟೋ ಇನ್ನೊಂದು. ಇಲ್ಲಿ ಯಾವ ಫಾರ್ಮಸಿಗೆ ಹೋಗಿ ಪಾಸ್‌ಪೋರ್ಟ್ ಫೋಟೋ ಅಂದ್ರೂ ಎರಡು ಇಂಚು ಚೌಕದ್ದು ತೆಗೆದು ಕೈಗೆ ಕೊಡ್ತಾರೆ, ಅದು ಅಮೆರಿಕ ಅಳತೆ. ಕೆನಡಾ ವೀಸಾಗೆ 35 ಮಿಲಿಮೀಟರ್ ಅಗಲ 45 ಎತ್ತರ, ಅದರೊಳಗೆ ಗದ್ದದಿಂದ ತಲೆ ಮೇಲಿನ ತನಕ 31ರಿಂದ 36 ಇರಬೇಕು. ನಾವು ಮನೇಲೇ ಬಿಳಿ ಗೋಡೆ ಮುಂದೆ ನಿಲ್ಲಿಸಿ ತೆಗೆದ್ವಿ, ಅಪ್ಪ ಬಿಳಿ ಶರ್ಟ್ ಹಾಕಿದ್ದಕ್ಕೆ ಭುಜ ಎಲ್ಲಿ ಮುಗಿಯತ್ತೆ ಗೋಡೆ ಎಲ್ಲಿ ಶುರು ಆಗತ್ತೆ ಗೊತ್ತಾಗದೇ ಮತ್ತೆ ನೀಲಿ ಶರ್ಟ್ ಹಾಕಿಸಿ ತೆಗೆದಿದ್ದು.

ಅಪ್ಪ ಅಮ್ಮನ ಅರ್ಜಿಯಲ್ಲಿ ಅವರ ವಾಸದ ದೇಶ ಇಂಡಿಯಾ, ಅರ್ಜಿ ಹಾಕ್ತಿರೋ ದೇಶ ಅಮೆರಿಕ, ಇಲ್ಲಿ ಸ್ಟೇಟಸ್ ವಿಸಿಟರ್, ಐ-94, ಅಂದ್ರೆ ಅಮೆರಿಕದಲ್ಲಿ ಎಲ್ಲಿ ತನಕ ಇರಬಹುದು ಅಂತ ಹೇಳೋ ದಾಖಲೆ, ಅದರಲ್ಲಿರೋ ತಾರೀಕಿನ ತನಕ. ಇದನ್ನ ತಪ್ಪು ಮಾಡೋರು ಜಾಸ್ತಿ. ನಮ್ಮಿಬ್ಬರದ್ದು ಸುಲಭ, ಕೆಲಸ ಇಲ್ಲಿದೆ, ಮನೆ ಇಲ್ಲಿದೆ, ವಾಪಸ್ ಬರ್ತೀವಿ ಅಂತ ಆಫೀಸ್ ಲೆಟರ್, ಮೂರು ಪೇ ಸ್ಟಬ್, ಐ-797, ಐ-94, ರಜಾ ಮಂಜೂರಾದ ಮೇಲ್ ಇಷ್ಟೇ ಹೇಳತ್ತೆ. ಅವರದ್ದು ಹಾಗಲ್ಲ, ಅವರು ವಾಪಸ್ ಹೋಗಬೇಕಿರೋದು ಇಂಡಿಯಾಗೆ. ಅಪ್ಪನ ಪೆನ್ಶನ್ ಕಾಗದ, ಮನೆ ಪತ್ರದ ಕಾಪಿ, ಅಕ್ಟೋಬರ್‌ಗೆ ಬುಕ್ ಆಗಿರೋ ರಿಟರ್ನ್ ಟಿಕೆಟ್, ಖರ್ಚೆಲ್ಲ ನಾನೇ ನೋಡ್ಕೋತೀನಿ ಅಂತ ನನ್ನದೊಂದು ಪತ್ರ, ನನ್ನ ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮನೆಯವರ 2014ರ ರಿಜೆಕ್ಷನ್‌ಗೆ ಯೆಸ್ ಹಾಕಿ, ಯಾವಾಗ ಏನಕ್ಕೆ ಆಯ್ತು, ಆಮೇಲೆ ಎಚ್-4 ಸಿಕ್ಕಿ ಎಷ್ಟು ವರ್ಷದಿಂದ ಇಲ್ಲಿ ಇದಾರೆ ಅಂತ ಆರು ಸಾಲು ಬರೆದೆ, ಅದನ್ನ ಕ್ಲೈಂಟ್ ಇನ್ಫರ್ಮೇಶನ್ ಅಂತ ಒಂದು ಜಾಗ ಇರತ್ತೆ ಅಲ್ಲಿ ಹಾಕಿದೆ. ಆ ಜಾಗ ಕಡ್ಡಾಯ ಅಲ್ಲ ಅಂತ ಬಿಟ್ಟುಬಿಡ್ತಾರೆ, ಬಿಡಬೇಡಿ, ಆಫೀಸರ್ ಜೊತೆ ಮಾತಾಡೋಕೆ ನಿಮಗಿರೋದು ಅದೊಂದೇ ಜಾಗ. ಇಂಟರ್ವ್ಯೂ ಅಂತ ನಮಗಂತೂ ಏನೂ ಇರಲಿಲ್ಲ.

ಫೀ ಒಬ್ಬರಿಗೆ 100 ಕೆನಡಿಯನ್ ಡಾಲರ್, ಬೆರಳಚ್ಚಿಗೆ 85. ಗಂಡ, ಹೆಂಡತಿ, ಮಕ್ಕಳು ಒಟ್ಟಿಗೆ ಹಾಕಿದ್ರೆ ಬೆರಳಚ್ಚಿನ ಫೀ 170ಕ್ಕೆ ನಿಂತುಬಿಡತ್ತೆ, ದೊಡ್ಡ ಮಕ್ಕಳಿರೋರಿಗೆ ಅದು ಉಪಯೋಗ, 14 ವರ್ಷದ ಒಳಗಿನವರಿಗೆ ಬೆರಳಚ್ಚೇ ಬೇಡ. ನಾವು ಎರಡು ಜೋಡಿ, ಹಾಗಾಗಿ ನಮಗೆ ನಾಲ್ಕು ಜನಕ್ಕೂ ಸೇರಿ 740. ಬೆರಳಚ್ಚು ಒಂದ್ಸಲ ಕೊಟ್ರೆ ಹತ್ತು ವರ್ಷ ನಡೆಯತ್ತೆ.

ದುಡ್ಡು ಕಟ್ಟಿದ ಮೇಲೆ ಬಯೋಮೆಟ್ರಿಕ್ ಪತ್ರ ಬಂತು, 30 ದಿನದ ಒಳಗೆ ಕೊಡಬೇಕು. ಅಮೆರಿಕದಲ್ಲಿ ಇರೋರಿಗೆ ಒಳ್ಳೇದು ಏನಂದ್ರೆ ಇಲ್ಲಿನ ಇಮಿಗ್ರೇಶನ್ ಇಲಾಖೆ ಯುಎಸ್‌ಸಿಐಎಸ್‌ನವರ ಅಪ್ಲಿಕೇಶನ್ ಸಪೋರ್ಟ್ ಸೆಂಟರ್‌ಗಳಲ್ಲೇ ಕೆನಡಾಗೆ ಬೆರಳಚ್ಚು ಕೊಡಬಹುದು, ಅಪಾಯಿಂಟ್‌ಮೆಂಟ್ ತಗೊಂಡು ಹೋಗಬೇಕು, ಪತ್ರದ ಪ್ರಿಂಟ್ ಮತ್ತು ಪಾಸ್‌ಪೋರ್ಟ್ ಇರಬೇಕು. ಅಲ್ಲಿ ಅಮ್ಮನ ಬೆರಳು ಮಷೀನ್‌ಗೆ ಸಿಗ್ತಾನೇ ಇರಲಿಲ್ಲ. ನಲವತ್ತು ವರ್ಷ ಪಾತ್ರೆ ಉಜ್ಜಿದ ಕೈ, ಗೆರೆಗಳೆಲ್ಲ ಸವೆದು ಹೋಗಿವೆ, ಹೆಬ್ಬೆರಳು ಇಟ್ರೆ ಸ್ಕ್ರೀನ್ ಮೇಲೆ ಬರೀ ಬೂದು ಬಣ್ಣ. ಅಲ್ಲಿದ್ದ ಹುಡುಗಿ ಒದ್ದೆ ಟಿಶ್ಯೂ ತಂದು ಅಮ್ಮನ ಒಂದೊಂದು ಬೆರಳನ್ನೂ ತಾನೇ ಒರೆಸಿ, ಮೇಲಿನಿಂದ ಮೆಲ್ಲಗೆ ಒತ್ತಿ ಹಿಡ್ಕೊಂಡು ಹತ್ತೂ ಬೆರಳು ತಗೊಂಡ್ಲು, ಹತ್ತು ನಿಮಿಷ ಜಾಸ್ತಿ ಆಯ್ತು, ಒಂದು ಸಲಾನೂ ಮುಖ ಸಿಂಡರಿಸಲಿಲ್ಲ. ಅಮ್ಮ ಹೊರಗೆ ಬಂದವರು ಆ ಹುಡುಗಿ ಚೆನ್ನಾಗಿರ್ಲಿ ಅಂದ್ರು. ಈ ಭಾಗಕ್ಕೆ ಐದಕ್ಕೆ ಐದು. ವಯಸ್ಸಾದವರನ್ನ ಕರ್ಕೊಂಡು ಹೋಗೋರು ಹಿಂದಿನ ರಾತ್ರಿಯಿಂದಾನೇ ಕೈಗೆ ಕೊಬ್ಬರಿ ಎಣ್ಣೆನೋ ಕ್ರೀಮೋ ಹಚ್ಚಿಸಿ, ಬೆಳಿಗ್ಗೆ ತೊಳ್ಕೊಂಡು ಹೋಗ್ಲಿ.

ನಾಲ್ಕು ವಾರ ಬಿಟ್ಟು ಪಾಸ್‌ಪೋರ್ಟ್ ಕಳಿಸಿ ಅಂತ ಮೆಸೇಜ್ ಬಂತು, ನಾಲ್ಕು ಜನಕ್ಕೂ ಎರಡು ದಿನದ ಅಂತರದಲ್ಲಿ. ಅದು ಬಂತು ಅಂದ್ರೆ ಆಯ್ತು ಅಂತಾನೇ ಲೆಕ್ಕ. ಪಾಸ್‌ಪೋರ್ಟ್ ಕೊಡೋಕೆ ನ್ಯೂಯಾರ್ಕ್, ಲಾಸ್ ಏಂಜಲಿಸ್ ಎರಡು ಕಡೆ ಸೆಂಟರ್ ಇದೆ, ದೂರದವರು ಕೊರಿಯರ್ ಮಾಡ್ತಾರೆ, ನಾವು ನೇರವಾಗಿ ಹೋಗಿ ಕೊಟ್ವಿ. ಇಲ್ಲಿ ನಾನೊಂದು ತಪ್ಪು ಮಾಡ್ದೆ, ನಾಲ್ಕೂ ಪಾಸ್‌ಪೋರ್ಟ್ ಒಟ್ಟಿಗೆ ಕೊಟ್ಬಿಟ್ಟೆ. ವಾಪಸ್ ಬರೋಕೆ ಹನ್ನೆರಡು ದಿನ ಆಯ್ತು, ಅಷ್ಟು ದಿನ ಅಪ್ಪನಿಗೆ ನಿದ್ದೆ ಇಲ್ಲ, ಊರಲ್ಲಿ ದೊಡ್ಡಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದಿತ್ತು, ಏನಾದ್ರೂ ಆದ್ರೆ ಹೊರಡೋಕೆ ಪಾಸ್‌ಪೋರ್ಟೇ ಇಲ್ವಲ್ಲಮ್ಮ ಅಂತ ದಿನಾ ಬೆಳಿಗ್ಗೆ ಕೇಳೋರು. ದೊಡ್ಡಮ್ಮ ಚೆನ್ನಾಗಾದ್ರು, ಪಾಸ್‌ಪೋರ್ಟೂ ಬಂತು. ಆದ್ರೂ ನೀವು ಮಾಡೋವಾಗ ಮೊದಲು ಇಬ್ಬರದ್ದು ಕಳಿಸಿ, ಅದು ಬಂದ ಮೇಲೆ ಇನ್ನಿಬ್ಬರದ್ದು ಕಳಿಸಿ, ಪತ್ರದಲ್ಲಿ ಕೊಟ್ಟಿರೋ ಗಡುವು ನೋಡ್ಕೊಂಡು.

ಈಗ ಬರೋದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಎಲ್ಲರೂ ಕೆನಡಾ ಒಳಗೆ ಹೋಗೋದರ ಬಗ್ಗೆನೇ ತಲೆ ಕೆಡಿಸ್ಕೋತಾರೆ, ಅಮೆರಿಕಕ್ಕೆ ವಾಪಸ್ ಬರೋದು ಬೇರೆನೇ ಪ್ರಶ್ನೆ, ಅದಕ್ಕೆ ಕೆನಡಾ ವೀಸಾ ಉತ್ತರ ಅಲ್ಲ. ನನ್ನ ಎಚ್-1ಬಿ ಸ್ಟಾಂಪ್ ಮುಗಿದಿದೆ, ಹಾಗಿದ್ರೆ ವಾಪಸ್ ಬರೋದು ಹೆಂಗೆ? ಅದಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಅಂತ ಒಂದು ನಿಯಮ ಇದೆ. ಕೆನಡಾ ಅಥವಾ ಮೆಕ್ಸಿಕೋಗೆ ಮಾತ್ರ ಹೋಗಿ, 30 ದಿನದ ಒಳಗೆ ವಾಪಸ್ ಬಂದ್ರೆ, ಐ-94 ಚಾಲ್ತಿಲಿದ್ರೆ, ಸ್ಟೇಟಸ್ ಸರಿಯಾಗಿದ್ರೆ, ಮುಗಿದಿರೋ ವೀಸಾನೇ ಆ ಒಂದು ದಿನಕ್ಕೆ ಚಾಲ್ತಿಲಿದೆ ಅಂತ ತಗೋತಾರೆ. ಆದ್ರೆ ಅಲ್ಲಿ ಹೋದಾಗ ಹೊಸ ಅಮೆರಿಕ ವೀಸಾಗೆ ಅರ್ಜಿ ಹಾಕಿದ್ರೆ ಈ ಸೌಲಭ್ಯ ಹೋಯ್ತು, ಆ ವೀಸಾ ಸಿಗೋ ತನಕ ಅಲ್ಲೇ ಕೂರಬೇಕು. ಸುಮ್ನೆ ಹೋಗ್ತಿದೀವಲ್ಲ ಸ್ಟಾಂಪಿಂಗೂ ಮಾಡಿಸ್ಕೊಂಡು ಬರೋಣ ಅಂತ ಎರಡನ್ನೂ ಸೇರಿಸೋ ಮುಂಚೆ ಹತ್ತು ಸಲ ಯೋಚನೆ ಮಾಡಿ.

ಇನ್ನೊಂದು, ಎಕ್ಸ್‌ಟೆನ್ಶನ್ ಆದವರಿಗೆ ಹೊಸ ಐ-94 ಐ-797ರ ಕೆಳಗಡೆ ತುಂಡಲ್ಲಿ ಇರತ್ತೆ, ಅದರ ಒರಿಜಿನಲ್ ಜೊತೇಲಿ ಇಟ್ಕೊಳ್ಳಿ, ಹೋಗೋವಾಗ ಯಾರಿಗೂ ಕೊಡಬೇಡಿ. ಮತ್ತೆ ಅಪ್ಪ ಅಮ್ಮಂದು, ಕೆನಡಾಗೆ ಹೋಗಿ ಬಂದ್ರೆ ಆರು ತಿಂಗಳ ಲೆಕ್ಕ ಮತ್ತೆ ಹೊಸದಾಗಿ ಶುರು ಆಗತ್ತೆ ಅಂತ ಯಾರೋ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಹೇಳಿದ್ರು, ಅದನ್ನ ನಂಬ್ಕೊಂಡು ಟಿಕೆಟ್ ಮುಂದಕ್ಕೆ ಹಾಕಬೇಡಿ. ಐ-94ರಲ್ಲಿ ಇರೋ ತಾರೀಕೇ ತಾರೀಕು. ಅವರ ಮೆಡಿಕಲ್ ಇನ್ಶೂರೆನ್ಸ್ ಕೆನಡಾದಲ್ಲಿ ನಡೆಯತ್ತಾ ಅಂತನೂ ಫೋನ್ ಮಾಡಿ ಕೇಳಿ.

ಆಗಸ್ಟ್ ಮೊದಲ ವಾರ ಹೋದ್ವಿ, ಏಳು ಗಂಟೆ ಡ್ರೈವ್, ರೈನ್‌ಬೋ ಬ್ರಿಡ್ಜ್ ಮೇಲಿಂದ. ಕೆನಡಾ ಬೂತ್‌ನಲ್ಲಿ ಎಲ್ಲಿಂದ ಬರ್ತಿದೀರ, ಎಷ್ಟು ದಿನ, ಎಲ್ಲಿ ಇರ್ತೀರ, ಎಲ್ಲ ಸೇರಿ ಎರಡು ನಿಮಿಷ. ಆಮೇಲೆ ಕಾರ್ ನಿಲ್ಲಿಸಿ ದಡದ ಕಂಬಿ ಹತ್ರ ಹೋದ್ರೆ ಹಾರ್ಸ್‌ಶೂ ಫಾಲ್ಸ್ ಪೂರ್ತಿ ಎದುರಿಗೆ, ಲಾಳದ ಆಕಾರ ಆ ಕಡೆ ಎರಡು ಸಲ ಹೋದಾಗಲೂ ನಂಗೆ ಸರಿಯಾಗಿ ಗೊತ್ತಾಗಿರಲಿಲ್ಲ. ನಯಾಗರ ನೀರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಅದರಲ್ಲೇ ಬೀಳೋದು. ಕೆಳಗೆ ಎರಡು ದೋಣಿ, ಅಮೆರಿಕ ಕಡೆ ದೋಣಿಲಿ ಎಲ್ಲರೂ ನೀಲಿ ಪಾಂಚೋ, ಈ ಕಡೆ ದೋಣಿಲಿ ಎಲ್ಲರೂ ಕೆಂಪು. ಅಮ್ಮ ಕಂಬಿ ಹಿಡ್ಕೊಂಡು ಅರ್ಧ ಗಂಟೆ ಮಾತಾಡಲಿಲ್ಲ, ಸೆರಗಲ್ಲಿ ಕನ್ನಡಕ ಒರೆಸ್ಕೊಳ್ಳೋದು ಮತ್ತೆ ಹಾಕ್ಕೊಳ್ಳೋದು, ನೀರ ಹನಿ ಬಂದು ಮತ್ತೆ ಮಂಜಾಗೋದು.

ಮೂರು ರಾತ್ರಿ ಇದ್ದು ವಾಪಸ್ ಬರೋವಾಗ ನಂಗೆ ಎದೆ ಹೊಡ್ಕೋತಾ ಇತ್ತು, ಸುಳ್ಳು ಯಾಕೆ ಹೇಳ್ಲಿ. ಅಮೆರಿಕ ಆಫೀಸರ್ ನನ್ನ ಪಾಸ್‌ಪೋರ್ಟ್ ತಿರುಗಿಸಿ ನಿಮ್ಮ ವೀಸಾ ಮುಗಿದಿದೆಯಲ್ಲ ಅಂದ್ರು. ಹೌದು, ಕೆನಡಾದಲ್ಲಿ ಮೂರು ದಿನ ಮಾತ್ರ ಇದ್ವಿ, ಆಟೋಮ್ಯಾಟಿಕ್ ರೀವ್ಯಾಲಿಡೇಶನ್ ಮೇಲೆ ಬರ್ತಿದೀವಿ ಅಂತ ಹೇಳಿ ಇಬ್ಬರ ಐ-797 ಕೊಟ್ಟೆ. ಕೆಳಗಿನ ತುಂಡಿನ ತಾರೀಕು ಬೆರಳಿಟ್ಟು ಓದಿದ್ರು, ಕಂಪ್ಯೂಟರ್‌ನಲ್ಲಿ ಏನೋ ನೋಡಿದ್ರು, ಯಾವ ಕಂಪನಿ, ಏನು ಕೆಲಸ ಕೇಳಿದ್ರು, ಕಾಗದ ವಾಪಸ್ ಕೊಟ್ಟು ಹೋಗಿ ಅಂದ್ರು.

ಅಂತೂ ಕೆನಡಾ ವೀಸಾಗೆ ನಾನು ಐದರಲ್ಲಿ ನಾಲ್ಕೂವರೆ ಕೊಡ್ತೀನಿ, ಅರ್ಧ ಕಮ್ಮಿ ಮಾಡಿದ್ದು ಪಾಸ್‌ಪೋರ್ಟ್ ಅಷ್ಟು ದಿನ ಕೈಲಿ ಇರಲ್ಲ ಅನ್ನೋದಕ್ಕೆ. ನಮ್ಮ ನಾಲ್ಕೂ ವೀಸಾ ಮಲ್ಟಿಪಲ್ ಎಂಟ್ರಿ ಬಂತು, ಆದ್ರೆ 2024ರ ನವೆಂಬರ್‌ನಿಂದ ಮಲ್ಟಿಪಲ್, ಪೂರ್ತಿ ಅವಧಿ ಎರಡೂ ತಾನಾಗೇ ಬರೋದಲ್ಲ, ಆಫೀಸರ್ ನೋಡಿ ತೀರ್ಮಾನ ಮಾಡ್ತಾರೆ, ಹಾಗಾಗಿ ನಿಮಗೆ ಏನು ಬಂದಿದೆ ಅಂತ ಕಾಗದ ಓದ್ಕೊಳ್ಳಿ. ಗರಿಷ್ಠ ಹತ್ತು ವರ್ಷ, ಆದ್ರೆ ಪಾಸ್‌ಪೋರ್ಟ್ ಎಲ್ಲಿ ತನಕ ಇದೆಯೋ ಅದನ್ನ ದಾಟಲ್ಲ. ಅಮ್ಮನ ಪಾಸ್‌ಪೋರ್ಟ್‌ಗೆ ಇನ್ನೂ ಏಳು ವರ್ಷ ಇತ್ತು, ವೀಸಾನೂ ಅಷ್ಟೇ ಸಿಕ್ತು. ಅಪ್ಪಂದು ಎರಡೇ ವರ್ಷ ಬಾಕಿ ಇತ್ತು, ಅವರಿಗೆ ಎರಡು ವರ್ಷಕ್ಕೂ ಸ್ವಲ್ಪ ಕಮ್ಮಿನೇ ಬಂತು, ಅಷ್ಟೇ ಫೀ ಕಟ್ಟಿ. ನಿಮ್ಮ ಅಪ್ಪ ಅಮ್ಮ ಊರಿಂದ ಹೊರಡೋ ಮುಂಚೆನೇ ಅವರ ಪಾಸ್‌ಪೋರ್ಟ್ ತಾರೀಕು ಒಂದ್ಸಲ ಫೋಟೋ ತೆಗೆದು ಕಳಿಸೋಕೆ ಹೇಳಿ, ಹತ್ತಿರ ಬಂದಿದ್ರೆ ಅಲ್ಲೇ ರಿನ್ಯೂ ಮಾಡಿಸ್ಕೊಂಡು ಬರಲಿ.